ಕಾರಿನ ಫೋಟೋ ತೆಗೆಯುತ್ತಿದ್ದ ಕಸ್ತೂರಕ್ಕ

ಕಸ್ತೂರಕ್ಕ ಸೆರಗನ್ನು ಸೊಂಟಕ್ಕೆ ಬಿಗಿದು, ಚಪ್ಪಲಿ ಬಿಟ್ಟು, ಮಣ್ಣಿನ ಮೇಲೆ ಬೋರಲು ಮಲಗಿದರೆಂದರೆ ಎದುರಿಗೆ ಒಂದು ಕಾರು ನಿಂತಿದೆ ಎಂದೇ ಅರ್ಥ. ಐವತ್ತು ದಾಟಿದ ಹೆಂಗಸು ಹಾಡುಹಗಲೇ ರಸ್ತೆಯ ಪಕ್ಕ ಹಾಗೆ ಮಲಗುವುದನ್ನು ಮೊದಲ ಸಲ ಕಂಡವರು ಗಾಬರಿಯಾಗುತ್ತಿದ್ದರು. ಒಮ್ಮೆ ಗದಗ ಕಡೆಯಿಂದ ಬರುತ್ತಿದ್ದ ಲಾರಿಯೊಂದು ಗಕ್ಕನೆ ನಿಂತಿತು. ಡ್ರೈವರು ನೀರಿನ ಬಾಟಲಿ ಹಿಡಿದು ಓಡಿ ಬಂದ. "ಯವ್ವಾ, ಏನಾತು? ಬಡೀತೇನು?" ಎಂದು ಕೂಗಿದ. ಕಸ್ತೂರಕ್ಕ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹೇಳಿದರು: "ನನಗೇನೂ ಆಗಿಲ್ಲಪಾ. ಸ್ವಲ್ಪ ಬಾಜೂಕ ಸರಿ. ನಿನ್ನ ನೆರಳು ಬಾನೆಟ್ಟಿನ ಮ್ಯಾಲ ಬೀಳಾಕತ್ತೈತಿ."

ಆ ಡ್ರೈವರು ಬೈಯುತ್ತ ಹೋದನೋ ನಗುತ್ತ ಹೋದನೋ ನೆನಪಿಲ್ಲ. ಪಕ್ಕದಲ್ಲೇ ನಿಂತಿದ್ದ ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆಗ ನಮಗೆಲ್ಲ ನಗಲು ಬರುತ್ತಿತ್ತು.

ಕಸ್ತೂರಕ್ಕನ ಗಂಡ ಹಳೇ ಹುಬ್ಬಳ್ಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಮದುವೆ, ಸೀಮಂತ, ಪಾಸ್‌ಪೋರ್ಟ್ ಫೋಟೋ ಎಂದು ಇವರೇ ಅದನ್ನು ನಡೆಸಿಕೊಂಡು ಬಂದರು. ಮಕ್ಕಳಿರಲಿಲ್ಲ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಸ್ಟುಡಿಯೋಕ್ಕೆ ಜನ ಬರುವುದು ನಿಂತು, ಒಂದು ದಿನ ಬಾಗಿಲು ಹಾಕಬೇಕಾಯಿತು. ಅದೇ ಹೊತ್ತಿಗೆ ಅವರ ತಮ್ಮ ವಿನಾಯಕ, ಊರ ಹೊರಗೆ ಒಂದು ಖಾಲಿ ಜಾಗ ಹಿಡಿದು ಹಳೆಯ ಕಾರು ಮಾರಲು ಶುರು ಮಾಡಿದ್ದ. "ಅಕ್ಕಾ, ನೀ ಬಾ. ಇದು ನಮ್ಮಿಬ್ಬರದು" ಎಂದು ಕರೆದ. ಆ ಮಾತನ್ನು ಕಸ್ತೂರಕ್ಕ ನನಗೆ ಎಷ್ಟೋ ಸಲ ಹೇಳಿದ್ದಾರೆ. ಹೇಳುವಾಗಲೆಲ್ಲ 'ನಮ್ಮಿಬ್ಬರದು' ಎಂಬಲ್ಲಿ ಅವರ ದನಿ ತುಸು ಇಳಿಯುತ್ತಿತ್ತು, ತಮ್ಮನೇ ಪಕ್ಕದಲ್ಲಿ ಕೂತು ಹೇಳುತ್ತಿದ್ದಾನೇನೋ ಎಂಬಂತೆ.

ಆ ಅಂಗಳಕ್ಕೆ ನಾನು ಸೇರಿದ್ದು ಅವರು ಬಂದ ಮರುವರ್ಷ. ಇಂಟರ್‌ನೆಟ್ಟಿಗೆ ಹಾಕುವ ಫೋಟೋಗಳ ಕೆಳಗೆ ನಾಲ್ಕು ಸಾಲು ಬರೆಯುವುದು, ಬಂದ ಫೋನು ಎತ್ತುವುದು ನನ್ನ ಕೆಲಸ. ಮೆಕ್ಯಾನಿಕ್ ಮಕ್ತುಂ ಭಾಯಿ ಕಾರುಗಳ ರಿಪೇರಿ ನೋಡುತ್ತಿದ್ದರು. ಫೋಟೋದ ಹೊತ್ತಿಗೆ ಕಸ್ತೂರಕ್ಕ ಹೇಳಿದ ಕಡೆ ಕಾರು ತಂದು ನಿಲ್ಲಿಸುವವರೂ ಅವರೇ. "ಇನ್ನ ಒಂದು ಗೇಣು ಹಿಂದಕ್ಕ... ಹೆಚ್ಚಾತು, ಮುಂದಕ್ಕ... ಮುಂದಿನ ಗಾಲಿ ನನ್ನ ಕಡೆ ಹೊಳ್ಳಿಸು ಭಾಯಿ, ಬರೇ ಟಾಯರ್ ಕಾಣಬಾರದು, ಗಾಲಿ ಮುಖಾ ಕಾಣಬೇಕು." ಮಕ್ತುಂ ಭಾಯಿ ಸ್ಟೇರಿಂಗ್ ತಿರುಗಿಸುತ್ತ, "ಅಕ್ಕಾರ, ಮದುಮಗಳಿಗೂ ಇಷ್ಟು ಕಾಡಿಸಿರಾಕಿಲ್ಲ ಬಿಡ್ರಿ ನೀವು" ಎನ್ನುತ್ತಿದ್ದರು.

ಒಂದು ಸಲ ಕಸ್ತೂರಕ್ಕ ಜ್ವರವೆಂದು ಮನೆಯಲ್ಲಿದ್ದಾಗ ಕೆಂಪು ಕಾರೊಂದರ ಫೋಟೋ ನಾನೇ ತೆಗೆದೆ. ಮಧ್ಯಾಹ್ನದ ಬಿಸಿಲು. ನಿಂತಲ್ಲಿಂದಲೇ ಹೊಡೆದೆ. ಮರುದಿನ ಬಂದವರು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರು.

"ಸುಮಾ, ಇದು ಕಾರಿನ ಫೋಟೋನೋ, ಲೈಟಿನ ಕಂಬದ್ದೋ?"

ನೋಡಿದರೆ ಹಿಂದಿದ್ದ ಕಂಬ ಕಾರಿನ ನೆತ್ತಿಯ ಮೇಲೇ ಹುಟ್ಟಿ ಬೆಳೆದಂತೆ ಕಾಣುತ್ತಿತ್ತು. ತೆಗೆಯುವಾಗ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

"ಕತ್ತರಿಸಿಬಿಡೂಣ್ರಿ ಅಕ್ಕಾ" ಎಂದೆ.

"ಕಂಬ ಕತ್ತರಸಾಕ ಹೋದ್ರ ಕಾರಿನ ನೆತ್ತಿ ಹೋಗತೈತಿ. ತಗ್ಯೂಮುಂದ ಕಾಣದವರು ಆಮ್ಯಾಲ ಏನು ಕತ್ತರಸತೀರಿ?" ಎಂದು ಬೈದು, ಸಂಜೆಯವರೆಗೂ ಕಾಯಿಸಿ, ಬಿಸಿಲು ಓರೆಯಾದ ಮೇಲೆ ನನ್ನನ್ನು ಆ ಕಾರಿನ ಎದುರು ಕೂರಿಸಿದರು. ಹೆಡ್‌ಲೈಟಿನ ಮಟ್ಟಕ್ಕೆ ಕಣ್ಣು ಬರಬೇಕು. ಕಾರಿನ ಮುಖವೂ ಒಂದು ಪಕ್ಕವೂ ಒಟ್ಟಿಗೆ ಕಾಣುವ ಮೂಲೆಯಲ್ಲಿ ಕೂರಬೇಕು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ನಾಲ್ಕೂ ಕಡೆ ಎಷ್ಟು ಬಿಡಬೇಕು, ಎಷ್ಟು ತೆಗೆಯಬೇಕು ಎಂದು ತೋರಿಸಿದರು. ಕಾರು ಮೋರೆ ಮಾಡಿದ ಕಡೆ ಹೆಚ್ಚು ಜಾಗ. "ಅದಕ್ಕ ಹೋಗಾಕ ದಾರಿ ಬ್ಯಾಡೇನು? ಮೂತಿಗೆ ಹತ್ತಿ ಕತ್ತರಿಸಿದ್ರ ಗ್ವಾಡಿಗೆ ಡಿಕ್ಕಿ ಹೊಡದಂಗ ಕಾಣತೈತಿ." ನನ್ನ ಬೆರಳು ತಪ್ಪಿ ಹಿಂದಿನ ಗಾಲಿ ತುಸು ತುಂಡಾದರೆ ತಮ್ಮ ಕಾಲಿಗೇ ಪೆಟ್ಟಾದವರಂತೆ "ಅಯ್ಯ!" ಎನ್ನುತ್ತಿದ್ದರು.

ಅವರು ಬಹಳ ಸಿಹಿಯಾದ ಮನುಷ್ಯರೇನೂ ಅಲ್ಲ. ಹೊಗಳಿದ್ದು ಕಡಿಮೆ, ಬೈದದ್ದೇ ಹೆಚ್ಚು. ಚಹಾ ತಣ್ಣಗಾಗಿದ್ದರೆ ಕುಡಿಯದೆ ಗಿಡಕ್ಕೆ ಸುರಿದುಬಿಡುವವರು. ತಮ್ಮನಿಗೂ ರಿಯಾಯಿತಿ ಇರಲಿಲ್ಲ.

ಬೆಳ್ಳಿ ಬಣ್ಣದ ಒಂದು ಕಾರು ಬಂತು. ಬಾಗಿಲಿನ ಕೆಳಗೆ ತುಕ್ಕು ತಿಂದಿತ್ತು. ಕಸ್ತೂರಕ್ಕ ಇಡೀ ಕಾರಿನ ಫೋಟೋ ತೆಗೆದು, ತುಕ್ಕಿನದು ಬೇರೆಯೇ ಒಂದು ತೆಗೆದರು. ವಿನಾಯಕ ಅದನ್ನು ನೋಡಿದ.

"ಅಕ್ಕಾ, ಇದನ್ನ ಹಾಕಬ್ಯಾಡ. ದೊಡ್ಡ ಫೋಟೋದಾಗೂ ಕೆಳಗ ಸ್ವಲ್ಪ ಕತ್ತರಸು."

"ಕಂಬ ಇದ್ರ ಕತ್ತರಸತೇನಿ, ಕಸದ ಡಬ್ಬಿ ಇದ್ರ ಕತ್ತರಸತೇನಿ. ಕಾರಿಂದ ಏನೂ ಕತ್ತರಸೂದಿಲ್ಲ."

"ಮಂದಿ ನೋಡಿ ಹೋಗಿಬಿಡತಾರ."

"ಹೋಗಲಿ. ಇಲ್ಲೀತನಕಾ ಬಂದು ನೋಡಿ ಬೈಕೋತ ಹೋಗೂದಕ್ಕಿಂತ ಮನ್ಯಾಗ ಕುಂತು ನೋಡಿ ಬಿಡೂದು ಛಲೋ."

ಕಥೆಗಳಲ್ಲಾದರೆ ಆ ತುಕ್ಕು ನೋಡಿಯೇ ಯಾರೋ ಮೆಚ್ಚಿ ಕೊಂಡುಕೊಳ್ಳುತ್ತಿದ್ದರು. ಇಲ್ಲಿ ಯಾರೂ ಕೊಳ್ಳಲಿಲ್ಲ. ಆ ಕಾರಿಗಾಗಿ ಒಂದು ಫೋನೂ ಬರಲಿಲ್ಲ. ಕೊನೆಗೆ ವಿನಾಯಕ ಅದನ್ನು ಇನ್ನೊಬ್ಬ ದಲಾಲನಿಗೆ ದಾಟಿಸಿದ. ಅವನು ತುಕ್ಕಿನ ಮೇಲೆ ಬಣ್ಣ ಬಳಿದು, ಬಾಗಿಲಿನ ಅರ್ಧಕ್ಕೆ ಫೋಟೋ ಕತ್ತರಿಸಿ ಹಾಕಿ, ವಾರದೊಳಗೆ ಮಾರಿದ. ಮಕ್ತುಂ ಭಾಯಿ ಮೊಬೈಲಿನಲ್ಲಿ ಆ ಫೋಟೋ ಅಕ್ಕ ತಮ್ಮ ಇಬ್ಬರಿಗೂ ತೋರಿಸಿದರು. ಅಂದಿನಿಂದ ಅಂಗಳದಲ್ಲಿ ಅಕ್ಕ ತಮ್ಮನ ಮಾತು ಕೆಲಸಕ್ಕೆ ಬೇಕಾದಷ್ಟೇ ಆಯಿತು.

ವ್ಯಾಪಾರವೇನೋ ಬೆಳೆಯಿತು. ಬೆಳಗಾವಿ, ಹಾವೇರಿ, ಬಾಗಲಕೋಟೆಯಿಂದೆಲ್ಲ ಜನ ಮೊಬೈಲು ಚಾಚಿಕೊಂಡು ಬರುತ್ತಿದ್ದರು. "ಈ ಫೋಟೋದಾಗಿನ ಕಾರು ಎಲ್ಲೈತ್ರಿ?" ಎಂದು ಕೇಳುತ್ತಿದ್ದರು. ಅಂಗಳ ಸಾಲದಾಯಿತು. ವಿನಾಯಕ ತನ್ನ ಹೆಂಡತಿಯ ಅಣ್ಣನನ್ನು ಜೊತೆಗೆ ಸೇರಿಸಿಕೊಂಡು ಗಾಜಿನ ಗೋಡೆಯ ದೊಡ್ಡ ಶೋರೂಮ್ ಕಟ್ಟಿಸಿದ.

ಶೋರೂಮ್ ತೆರೆದ ದಿನ ಕಸ್ತೂರಕ್ಕ ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದರು. ಅವರು ಅಷ್ಟು ಅಚ್ಚುಕಟ್ಟಾಗಿ ಉಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪೂಜೆ ಮುಗಿದ ಮೇಲೆ, ಹೂವಿನ ಹಾರ ಹಾಕಿದ ಬಿಳಿ ಕಾರಿನ ಸುತ್ತ ಮನೆಯವರನ್ನು ತಾವೇ ನಿಲ್ಲಿಸಿದರು. ಯಾರು ಮುಂದೆ, ಯಾರು ಹಿಂದೆ, ಯಾರ ತಲೆ ಯಾರಿಗೆ ಅಡ್ಡ, ಎಲ್ಲ ನೋಡಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಟೈಮರ್ ಒತ್ತಿ, ಸೆರಗು ಹಿಡಿದು ಓಡಿ ಹೋಗಿ ಬಲತುದಿಗೆ ನಿಂತು ತಮ್ಮನ ಹೆಗಲ ಮೇಲೆ ಕೈಯಿಟ್ಟರು. ಚಂದದ ಫೋಟೋ. ಅದರಲ್ಲಿ ಕಸ್ತೂರಕ್ಕ ನಗುತ್ತಿದ್ದರು.

ಮರುದಿನ ಪತ್ರಿಕೆಯಲ್ಲಿ ಶೋರೂಮಿನ ಜಾಹೀರಾತು ಬಂತು. ಅದೇ ಫೋಟೋ. ಬಲಗಡೆ ವಿನಾಯಕನಿಗೇ ಮುಗಿದಿತ್ತು. ಅವನ ಹೆಗಲ ಮೇಲೆ ಮಾತ್ರ ನಾಲ್ಕು ಬೆರಳು ಉಳಿದಿದ್ದವು, ಯಾರವೆಂದು ಗೊತ್ತಾಗದಂತೆ.

ನಾನು ಪತ್ರಿಕೆ ಮಡಚಿಡುವುದರೊಳಗೆ ಕಸ್ತೂರಕ್ಕ ಒಳಗೆ ಬಂದರು. ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಹರವಿದರು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಉಗುರಿನಿಂದ ಅಂಚನ್ನು ಮುಟ್ಟಿ ನಿಧಾನವಾಗಿ ಹೇಳಿದರು:

"ಕೈ ಉಳಿಸ್ಯಾರ ನೋಡು. ಕತ್ತರಸಾಕರ ನೆಟ್ಟಗ ಬರತೈತೇನು ಇವಕ್ಕ."

ಅಷ್ಟರಲ್ಲಿ ವಿನಾಯಕ ಬಂದ. ಮೇಜಿನ ಮೇಲಿನ ಪತ್ರಿಕೆ ನೋಡಿ ಅವನ ಮುಖ ಸಣ್ಣದಾಯಿತು.

"ಅಕ್ಕಾ, ಅದು ಜಾಹೀರಾತಿನವ್ರು ಮಾಡಿದ್ದು. ನಾ ಏನೂ ಹೇಳಿಲ್ಲ. ಮಾಲಕರಷ್ಟ ಇರಲಿ ಅಂತ ಅವರಿಗೆ..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಅಂತ ಅವರಿಗೆ ಯಾರು ಹೇಳಿದ್ರು?" ಎಂದು ಕಸ್ತೂರಕ್ಕ ಕೇಳಿದರು.

ವಿನಾಯಕ ಮೇಜಿನ ಮೇಲಿನ ಪತ್ರಿಕೆ ಮಡಚತೊಡಗಿದ. ಹೊರಗೆ ಮಕ್ತುಂ ಭಾಯಿ ತೊಳೆದು ನಿಲ್ಲಿಸಿದ ನೀಲಿ ಕಾರೊಂದು ಫೋಟೋಕ್ಕೆ ಕಾಯುತ್ತಿತ್ತು. ಕಸ್ತೂರಕ್ಕ ಹೋಗಿ ಅದರ ಫೋಟೋ ತೆಗೆದರು. ಎಂದಿನಂತೆ ಗಾಲಿ ತಿರುಗಿಸಲು ಹೇಳಿದರು, ಎಂದಿನಂತೆ ಬೈದರು. ನನ್ನ ಪಕ್ಕ ಕೂತು ನಾಲ್ಕೂ ಕಡೆ ಹದವಾಗಿ ಕತ್ತರಿಸಿ ಕೊಟ್ಟರು. ಆಮೇಲೆ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಹೋದವರು ಮತ್ತೆ ಬರಲಿಲ್ಲ.

ವಿನಾಯಕ ಕರೆಯಲು ಹೋಗಿದ್ದನಂತೆ. ಅವರು ಬಾಗಿಲು ತೆಗೆದು, ಚಹಾ ಕೊಟ್ಟು, ಬೇರೆ ಮಾತಾಡಿ ಕಳಿಸಿದರಂತೆ.

ಒಂದು ವರ್ಷದ ಮೇಲೆ ವಿದ್ಯಾನಗರದಲ್ಲಿ ಅವರಿದ್ದ ಬಾಡಿಗೆ ಮನೆಗೆ ಹೋದೆ. ತೆಳ್ಳಗಾಗಿದ್ದರು. ಸಕ್ಕರೆ ಕಾಯಿಲೆ ಏರಿತ್ತು. ಅವಲಕ್ಕಿ ಹಚ್ಚಿ ಕೊಟ್ಟು, ಎದುರಿಗೆ ಕೂತು, ನಾನು ತಿನ್ನುವುದನ್ನು ನೋಡುತ್ತ ಕೇಳಿದರು:

"ಈಗ ಫೋಟೋ ಯಾರು ತಗೀತಾರ?"

"ಯಾರ ಕೈ ಖಾಲಿ ಇರತೈತಿ ಅವರ್ರೀ. ಮೊಬೈಲಿನ್ಯಾಗ."

"ನಿಂತಕೊಂಡನ ತಗೀತಾರ?"

"ಹೂಂರೀ, ನಿಂತಕೊಂಡನ."

"ವ್ಯಾಪಾರ ಹೆಂಗೈತಿ?"

ಅವರ ಮುಖ ನೋಡಿದೆ. ಸುಳ್ಳು ಹೇಳಬಹುದಿತ್ತು. ಆದರೆ ನನ್ನ ಸುಳ್ಳನ್ನು ಅವರು ಎಂದೂ ನಂಬಿದವರಲ್ಲ.

"ಛಲೋ ಐತ್ರೀ. ಮೊದಲಿನಕಿಂತ ಹೆಚ್ಚಾಗೈತಿ."

ಅವರು ತಲೆಯಾಡಿಸಿದರು. ಎದ್ದು ನನ್ನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿದರು. "ಹಂಗಾರ ನಾ ಇಷ್ಟು ದಿನಾ ಏನು ಮಾಡಿದ್ನವ್ವಾ ಅಲ್ಲಿ?" ಎಂದರು. ನನ್ನನ್ನು ಕೇಳಿದ್ದಲ್ಲ. ಜನ ಫೋಟೋ ನೋಡಿಯೇ ಬರುತ್ತಿದ್ದರು ಎಂದು ನಾವೆಲ್ಲ ನಂಬಿದ್ದೆವು. ಈಗ ಅದಿಲ್ಲದೆಯೂ ಬರುತ್ತಿದ್ದರು. ಅವರಿಲ್ಲದೆ ಅಂಗಡಿ ಮುಳುಗಿದ್ದರೆ ಆ ಅವಮಾನ ಅರ್ಧವಾದರೂ ತೀರುತ್ತಿತ್ತೇನೋ. ಅದೂ ಆಗಲಿಲ್ಲ.

ಬಸ್ ಸ್ಟಾಪಿನ ತನಕ ಬರುತ್ತೇನೆಂದು ಜೊತೆಗೆ ಹೊರಟರು. ಓಣಿಯ ತಿರುವಿನಲ್ಲಿ ಕಪ್ಪು ಕಾರೊಂದು ನಿಂತಿತ್ತು. ಇಳಿಬಿಸಿಲು ಅದರ ಮೈಮೇಲೆ ಉದ್ದಕ್ಕೆ ಹರಿದು, ಹಿಂದಿನ ಗೋಡೆಯೂ ಬರಿದಾಗಿ, ಎಲ್ಲ ಅವರು ಕಲಿಸಿದ ಹಾಗೇ ಇತ್ತು. ನನ್ನ ಕಾಲು ತಾನಾಗಿ ನಿಂತಿತು.

"ಅಕ್ಕಾ, ನೋಡ್ರಿ."

ಅವರು ನೋಡಲಿಲ್ಲ. "ಯಾರದೋ ಕಾರು ಅದು. ನಡಿ ಲಗೂನ, ಬಸ್ ತಪ್ಪತೈತಿ" ಎಂದು ನನ್ನ ಮುಂಗೈ ಹಿಡಿದು ಎಳೆದುಕೊಂಡು ಹೋದರು.

ಅದೇ ಕೊನೆ. ಮಳೆಗಾಲ ಮುಗಿಯುವ ಹೊತ್ತಿಗೆ ಮಕ್ತುಂ ಭಾಯಿ ಫೋನ್ ಮಾಡಿ, "ಸುಮಕ್ಕಾರ, ನಮ್ಮ ಅಕ್ಕಾರು ಹೋದರಂತ್ರಿ" ಎಂದರು. ಇಬ್ಬರೂ ಕೂಡಿ ಹೋದೆವು. ವಿನಾಯಕ ಬಾಗಿಲಲ್ಲೇ ಕೂತಿದ್ದ. ಅಳುತ್ತಿದ್ದ. ಆ ಅಳು ಸುಳ್ಳೆಂದು ನಾನು ಹೇಳಲಾರೆ. ಬಂದವರ ಕೈ ಹಿಡಿದು ಒಬ್ಬೊಬ್ಬರಿಗೂ ಹೇಳುತ್ತಿದ್ದ: "ನಮ್ಮಕ್ಕ ಇರಲಿಲ್ಲ ಅಂದ್ರ ಆ ಶೋರೂಮ್ ಆಗತಿದ್ದಿಲ್ರೀ. ಎಲ್ಲಾ ಆಕೀದ, ಎಲ್ಲಾ ಆಕೀದ."

ಜನ ಹೌದು ಹೌದೆಂದು ತಲೆಯಾಡಿಸುತ್ತಿದ್ದರು. ಮಕ್ತುಂ ಭಾಯಿಯ ಕೈಯನ್ನೂ ಹಿಡಿದು ಅದನ್ನೇ ಹೇಳಿದ. ಅವರು ಕೇಳಿಸಿಕೊಂಡರು, ಮೆಲ್ಲಗೆ ಕೈ ಬಿಡಿಸಿಕೊಂಡರು, ಒಳಗೆ ಹೋಗಿ ಕಸ್ತೂರಕ್ಕನ ಕಾಲ ಬಳಿ ಒಂದು ಗಳಿಗೆ ನಿಂತರು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ನನಗಷ್ಟೇ ಕೇಳುವಂತೆ ಅಂದರು:

"ಕೇಳಬೇಕಾದವರು ಮಲಕೊಂಡಾರ. ಈಗ ಊರಿಗೆಲ್ಲಾ ಹೇಳಾಕತ್ತಾನ."