ಮಳೆಗೆ ಬಿಟ್ಟ ಗೇಣು

ಬೊಮ್ಮಸಂದ್ರದ ಕಾರ್ಖಾನೆಗಳ ಹಿಂದೆ, ನನ್ನ ಬಾಡಿಗೆ ಮನೆಯ ಪಕ್ಕದಲ್ಲಿ ಹಂದಿ ಸಾಕುತ್ತಿದ್ದ ಅಕ್ಕ ದಿನವೂ ಹಂದಿಗಳ ಗಲೀಜು ನೀರು ಸೇರುವ ಗೊಬ್ಬರದ ಗುಂಡಿಗೆ ಕೋಲು ಇಳಿಸಿ ಎಷ್ಟು ತುಂಬಿದೆಯೆಂದು ನೋಡುತ್ತಿದ್ದರು. "ಮಳೆಗೆ ಒಂದು ಗೇಣು ಜಾಗ ಬಿಡ್ಬೇಕು ಕಣ್ರೀ," ಎನ್ನುತ್ತಿದ್ದರು.

ಗುಂಡಿ ಉಕ್ಕಿದರೆ ಹಂದಿಗಳನ್ನು ಎತ್ತಂಗಡಿ ಮಾಡಿಸುತ್ತೇವೆಂದು ಎದುರಿನ ಅಪಾರ್ಟ್‌ಮೆಂಟಿನವರು ಎಚ್ಚರಿಸಿದ್ದರು. ಒಂದು ಸಂಜೆ ಜೋರು ಮಳೆಗೆ ಅದು ಅಂಚಿನವರೆಗೆ ತುಂಬಿತು.

"ಕಾಲುವೆಗೆ ಬಿಟ್ಬಿಡಕ್ಕ, ಯಾರ್ ನೋಡ್ತಾರೆ?" ಎಂದ ನೆರೆಯವ.

"ಕಾಲುವೆ ಕೆರೆಗೆ ಹೋಗುತ್ತೆ. ಅಲ್ಲಿ ನೀರು ಕುಡಿಯೋ ನಿನ್ನ ಎಮ್ಮೇನ ಕೇಳ್ಕೊಂಡ್ ಬಾರೋ!"

ಅಕ್ಕ ಬಕೆಟ್ಟಿನಲ್ಲಿ ಮೊಗೆದು ಡ್ರಮ್ಮುಗಳಿಗೆ ತುಂಬತೊಡಗಿದರು. ನಾನೂ ಕೈಜೋಡಿಸಿದೆನೆಂದು ನೆನಪು. ಆ ನೆನಪನ್ನು ನಾನೇ ನಂಬುವುದಿಲ್ಲ, ಬಹುಶಃ ಕೊಡೆ ಹಿಡಿದು ನಿಂತಿದ್ದೆ. ಮಳೆ ನಿಂತಿತು. ಅವರು ಗುಂಡಿಯ ಅಂಚಿನಿಂದ ಕೆಳಕ್ಕೆ ಗೇಣಿಟ್ಟು ನೋಡಿದರು. "ಇನ್ನೂ ಎರಡು ಬೆರಳು ಕಮ್ಮಿ," ಎಂದು ಮತ್ತೆ ಬಕೆಟ್ ಎತ್ತಿಕೊಂಡರು.