ರೊಟ್ಟಿ ಬಡಿಯುವ ಕೈ ನಿಂತಾಗ

ನನ್ನ ಮೊಮ್ಮಗಳು ಹುಟ್ಟಿದ ದಿನ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಮೂವರು ಹೆಂಗಸರು ಕೂತಿದ್ದೆವು. ನಾನು, ನನ್ನ ಮಗಳು, ಮಗಳ ಅತ್ತೆ. ಮಗಳಿಗೆ ಬೇನೆ ಶುರುವಾಗಿದೆ ಎನ್ನುವುದು ಮೂವರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಶಾಲೆಗೆ ಹೋದದ್ದು ಮೂರನೇ ಇಯತ್ತೆವರೆಗೆ. ಬರೆಯುವುದು ನನಗೆ ಜೋಳ ಹಸನು ಮಾಡಿದಷ್ಟು ಸಲೀಸಲ್ಲ. ಆದರೂ ಆ ದಿನದ ಸಂತೋಷ ಇನ್ನೂ ನನ್ನೊಳಗೆ ಹಿಡಿಸುತ್ತಿಲ್ಲ. ಎಷ್ಟು ಜನರಿಗೆ ಹೇಳಿದರೂ ಮುಗಿಯುತ್ತಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮದು ಸಿಂದಗಿ ತಾಲ್ಲೂಕಿನ ಹಳ್ಳಿ, ಕನ್ನೊಳ್ಳಿಯಿಂದ ಇನ್ನೂ ಸ್ವಲ್ಪ ಒಳಗೆ. ಆಗ ಊರಿಗೆಲ್ಲ ಒಂದೇ ಫೋನು, ಅದೂ ಕಿರಾಣಿ ಅಂಗಡಿಯಲ್ಲಿ. ಮಗಳನ್ನು ಕೊಟ್ಟಿದ್ದು ಬಸವನ ಬಾಗೇವಾಡಿ ಕಡೆಗೆ. ನಮಗೆ ಅವಳೊಬ್ಬಳೇ ಮಗಳು. ಎಳ್ಳ ಅಮಾವಾಸ್ಯೆಗೆಂದು ಎಂಟು ದಿನ ಮೊದಲೇ ಬಂದಿದ್ದಳು, ತುಂಬಿದ ಬಸುರಿ. ಹಬ್ಬ ಮುಗಿಸಿ ಗಂಡನ ಮನೆಗೆ ಹೋಗುವುದು, ಎರಡನೇ ಹೆರಿಗೆ ಅಲ್ಲಿಯೇ ಎಂದು ಮಾತಾಗಿತ್ತು. ಡಾಕ್ಟರಬಾಯಿ ಹೇಳಿದ ದಿನಕ್ಕೆ ಇನ್ನೂ ಇಪ್ಪತ್ತು ದಿನ ಬಾಕಿ ಇದ್ದವು.

ನನಗೆ ಇದ್ದ ಹೆದರಿಕೆ ಒಂದೇ. ಮೊದಲನೆಯ ಮಗ ಹುಟ್ಟಿದಾಗ ನನ್ನ ಮಗಳು ಒಂದು ರಾತ್ರಿ, ಒಂದು ಹಗಲು ಪೂರ್ತಿ ಬೇನೆ ತಿಂದಿದ್ದಳು. ಕೂಸು ಬಂದ ಮೇಲೆ ರಕ್ತ ನಿಲ್ಲಲೇ ಇಲ್ಲ. ಸಿಂದಗಿ ದವಾಖಾನೆಯಲ್ಲಿ ಇದ್ದಳೆಂದು ಉಳಿದಳು. ಆವತ್ತು ಡಾಕ್ಟರಬಾಯಿ ನನ್ನ ಮುಖ ನೋಡಿಯೇ ಹೇಳಿದ್ದರು: "ಅಮ್ಮಾ, ಮುಂದಿನ ಹೆರಿಗೆ ಮನ್ಯಾಗ ಆಗಬಾರದು, ದಾರ್‍ಯಾಗೂ ಆಗಬಾರದು. ದವಾಖಾನ್ಯಾಗ ಆಗಬೇಕು." ಆ ಮಾತು ನನ್ನ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು.

ಹಬ್ಬಕ್ಕೆ ಇನ್ನೂ ಎರಡು ದಿನ ಇರುವಾಗ, ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ನಮ್ಮ ಬಾಗಿಲಿಗೆ ಒಂದು ಜೀಪು ಬಂದು ನಿಂತಿತು. ಇಳಿದವರು ಬೀಗತಿ, ಮಗಳ ಅತ್ತೆ. ಕೈಯಲ್ಲಿ ದೊಡ್ಡದೊಂದು ಚೀಲ.

"ಏನ್ರಿ ಅಕ್ಕಾರ, ಸುದ್ದಿ ಇಲ್ಲ, ಸೂಕ್ಷ್ಮ ಇಲ್ಲ?" ಅಂದೆ.

"ಯಾಕ, ಸೊಸಿನ್ನ ನೋಡಾಕ ಬರಾಕ ಚೀಟಿ ಕಳಸಬೇಕೇನ್ರಿ?" ಎಂದು ನಕ್ಕರು.

ಸೊಸೆಯನ್ನು ನೋಡಲು ಬರುವವರು ಬಸ್ಸಿಗೆ ಬರುತ್ತಾರೆ. ಜೀಪು ಬಾಡಿಗೆ ಮಾಡಿಕೊಂಡು ಯಾರು ಬರುತ್ತಾರೆ? ಬಂದರೂ ಇಳಿಸಿ ಹೋಗಬೇಕಾದ ಜೀಪು ಹೋಗಲಿಲ್ಲ. ಓಡಿಸುವವರು ಬೀಗತಿಯ ಊರಿನ ವಯಸ್ಸಾದ ಸಾಬರು. ಚಹಾ ಕುಡಿದು, ಜೀಪನ್ನು ಹಿಂದೆ ಮುಂದೆ ಮಾಡಿ, ಅದರ ಮುಖವನ್ನು ದೊಡ್ಡ ರಸ್ತೆಯ ಕಡೆ ತಿರುಗಿಸಿ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಕೂತರು. ನನಗೆ ತಿಳಿದುಹೋಯಿತು. ಮಗಳನ್ನು ಈವತ್ತೇ ಕರೆದೊಯ್ಯಲು ಬಂದಿದ್ದಾರೆ. ಹಬ್ಬಕ್ಕೂ ಬಿಡುವುದಿಲ್ಲ.

ಆದರೆ ಬೀಗತಿಗಿಂತ ನನಗೆ ಹೆಚ್ಚು ಅನುಮಾನ ಇದ್ದದ್ದು ನನ್ನ ಮಗಳ ಮೇಲೆ. ಆವತ್ತು ಅವಳು ನನಗಿಂತ ಮೊದಲೇ ಎದ್ದಿದ್ದಳು. ಅಂಗಳ ಗುಡಿಸಿ, ಹಿತ್ತಲ ಗುಡಿಸಿ, ತಾಮ್ರದ ಕೊಡಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು. ಯಾರೂ ಹೇಳಿರಲಿಲ್ಲ. ಮೂರು ಸಲ ಹಿತ್ತಲ ಕಡೆ ಹೋಗಿ ಬಂದಳು. ಉಪ್ಪಿಟ್ಟು ಮಾಡಿದರೆ ಮುಟ್ಟಲಿಲ್ಲ. ನಿನ್ನೆ ಎದೆಯ ಕೆಳಗೇ ಇದ್ದ ಹೊಟ್ಟೆ ಈವತ್ತು ಇಳಿದು ತೊಡೆಗೆ ಬಂದ ಹಾಗೆ ಕಾಣುತ್ತಿತ್ತು.

"ತಂಗಿ, ನಡುವ ನೋಯಾಕತ್ತೈತೇನ?" ಎಂದು ಮಗಳನ್ನೇ ಕೇಳಿದೆ.

"ಇಲ್ಲಬೇ. ಯಾಕ ಸುಮ್ಮ ಸುಮ್ಮನ ಕೇಳತಿ?"

ಎಂದೂ ನನ್ನ ಒಂದು ಮಾತಿಗೆ ಹತ್ತು ಮಾತು ಹಚ್ಚುವವಳು ಇಷ್ಟೇ ಹೇಳಿ ಸುಮ್ಮನಾದಳು. ಆ ಸುಮ್ಮನಿರುವುದೇ ನನಗೆ ಸರಿ ಬರಲಿಲ್ಲ.

ಹಬ್ಬದ ದಿನ ಊರೆಲ್ಲ ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತದೆ. ಅದಕ್ಕೆ ಸಜ್ಜೆ ರೊಟ್ಟಿಯನ್ನು ಎರಡು ದಿನ ಮೊದಲೇ ಮಾಡಿ ಒಣಗಿಸಿಡಬೇಕು. ನಮ್ಮ ಮನೆಯವರು ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲಕ್ಕೆ ಹೋದರು. ನಾವು ಮೂವರು ಒಲೆಯ ಮುಂದೆ ಕೂತೆವು. ನಾನು ಬಿಸಿ ನೀರು ಹಾಕಿ ಹಿಟ್ಟು ನಾದುವುದು, ಮಗಳು ಬಡಿಯುವುದು, ಬೀಗತಿ ಹಂಚಿನ ಮೇಲೆ ಬೇಯಿಸುವುದು. ನಾನು ಬಡಿಯುತ್ತೇನೆ, ನೀನು ಮಲಗು ಎಂದರೆ ಮಗಳು ಕೇಳಲಿಲ್ಲ. "ಮಲಗಿದ್ರ ಜೀವ ಕಸಿವಿಸಿ ಆಗತೈತಿ" ಅಂದಳು. ಅದೂ ಒಂದು ಅನುಮಾನವೇ.

ಟಪಟಪ, ಟಪಟಪ ಎಂದು ರೊಟ್ಟಿ ಎದ್ದಿತು. ನನ್ನ ಮಗಳ ಕೈ ರೊಟ್ಟಿಗೆ ಹೇಳಿ ಮಾಡಿಸಿದ್ದು, ಅಂಚು ಒಡೆಯದು. ಸಜ್ಜೆ ಹಿಟ್ಟಿಗೆ ಜೋಳದಷ್ಟು ಅಂಟಿಲ್ಲ. ಬಡಿಯುವಾಗ ನಡುವೆ ಕೈ ನಿಲ್ಲಿಸಿದರೆ ಅಂಚು ಬಿರಿಯುತ್ತದೆ. ಅದು ಅವಳಿಗೂ ಗೊತ್ತು. ಆದರೂ ಒಂದು ರೊಟ್ಟಿ ಅರ್ಧ ಆದಾಗ ಟಪಟಪ ನಿಂತಿತು. ನಾನು ತಲೆ ಎತ್ತಲಿಲ್ಲ, ಕಣ್ಣಷ್ಟೇ ಎತ್ತಿದೆ. ಮಗಳು ಹಲಗೆಯ ಮೇಲೆ ಅಂಗೈ ಊರಿ, ಒಲೆಯ ಬೆಂಕಿ ನೋಡುತ್ತ, ಮೂಗಿನಿಂದ ನಿಧಾನ ಉಸಿರು ಬಿಡುತ್ತಿದ್ದಳು. ಆಮೇಲೆ ಏನೂ ಆಗದವಳ ಹಾಗೆ ಮತ್ತೆ ಬಡಿಯತೊಡಗಿದಳು. ರೊಟ್ಟಿ ಬಿರಿದಿತ್ತು.

ವಾಯು ಇರಬಹುದು ಎಂದುಕೊಂಡೆ. ಆದರೂ ಲೆಕ್ಕ ಇಟ್ಟೆ. ಗಡಿಯಾರ ನಮ್ಮನೆಯಲ್ಲಿ ಇತ್ತು, ನನಗೆ ಅದನ್ನು ನೋಡುವ ರೂಢಿ ಇಲ್ಲ. ಒಂಬತ್ತು ರೊಟ್ಟಿ ಆದವು, ಕೈ ನಿಂತಿತು. ಮತ್ತೆ ಏಳು ಆದವು, ನಿಂತಿತು. ಆಮೇಲೆ ಐದು.

ಬೇನೆಯೇ. ಇನ್ನು ಅನುಮಾನವಿಲ್ಲ.

ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆಂದು ಈಗ ಹೇಳಲು ನಾಚಿಕೆಯಾಗುತ್ತದೆ. ನಾನು ಹೇಳಿದ ಕೂಡಲೇ ಬೀಗತಿ, "ಹೌದಾ? ಹಂಗಾದ್ರ ನಡೀರಿ ಬಾಗೇವಾಡಿಗಿ, ಮೊದಲನೇದಕ್ಕ ಒಂದು ದಿನ ಹಿಡದಿತ್ತು, ಎರಡು ತಾಸಿನ ದಾರಿ ಏನ್ ಮಹಾ" ಎಂದು ಜೀಪಿಗೆ ಹತ್ತಿಸುತ್ತಾರೆ ಎಂದು ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ನಮ್ಮ ಸಿಂದಗಿ ಅರ್ಧ ತಾಸು. ಅವಳ ಜೀವ ಉಳಿಸಿದ ಡಾಕ್ಟರಬಾಯಿ ಅಲ್ಲಿದ್ದಾರೆ. ಇನ್ನೊಂದಿಷ್ಟು ಬೇನೆ ಜೋರಾಗಲಿ, ಬಾಗೇವಾಡಿ ಹೆಸರು ಎತ್ತಲು ಬಾರದ ಹಾಗಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಸಮಯ ಬೇಕಾದಷ್ಟಿದೆ ಎಂದು ನಾನೂ ನಂಬಿದ್ದೆ. ಒಬ್ಬಳನ್ನೇ ಹೆತ್ತವಳಿಗೆ ಎರಡನೆಯದು ಹೇಗೆ ಬರುತ್ತದೆಂದು ಏನು ಗೊತ್ತು?

ಬೀಗತಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, "ಜೀಪ ಬಾಗಲಾಗ ಐತಿ ನೋಡ್ರಿ" ಅಂದರು.

"ಇರಲಿ ಬಿಡ್ರಿ. ಅದೇನ್ ಮೇವು ಕೇಳತೈತೇನು?"

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಂದರು: "ಸಾಬ್ರು ಅಲ್ಲೇ ಕುಂತಾರ. ಯಾವಾಗ ಅಂದ್ರ ಆವಾಗ ಹೊಂಡತಾರ."

ಹೆದರಿಸುತ್ತಿದ್ದಾರೆ ಎಂದುಕೊಂಡೆ. "ಹೊಂಡಾಕ ಯಾರ್‍ಗೆ ಅವಸರ ಐತ್ರಿ ಅಕ್ಕಾರ? ಹೋಳಿಗಿ ಉಂಡು ಹೋಗೀರಂತ."

ಆಗ ಅವರ ಮೊಣಕಾಲ ಬಳಿ ನನ್ನ ಕಣ್ಣು ಹೋಯಿತು. ಬೆಂದ ರೊಟ್ಟಿಗಳೆಲ್ಲ ಒಂದು ಬುಟ್ಟಿಯಲ್ಲಿ. ಅಂಚು ಬಿರಿದವು ಮಾತ್ರ ಬೇರೆ, ನೆಲದ ಮೇಲಿನ ಅರಿವೆಯ ಮೇಲೆ, ಒಂದರ ಪಕ್ಕ ಒಂದು. ಈ ಹೆಂಗಸೂ ಎಣಿಸುತ್ತಿದ್ದಾಳೆ! ಎಣಿಸುತ್ತಿದ್ದೂ ಯಾಕೆ ಸುಮ್ಮನಿದ್ದಾಳೆ? ಯಾವ ಹೊತ್ತಿಗೆ ಕಾಯುತ್ತಿದ್ದಾಳೆ? ಮೂಲೆಯಲ್ಲಿದ್ದ ಅವರ ಚೀಲ ನೋಡಿದೆ. ಮಗಳ ಬಟ್ಟೆ ತುಂಬಿಕೊಳ್ಳಲಿಕ್ಕೇ ಅಷ್ಟು ದೊಡ್ಡದು ತಂದಿದ್ದಾಳೆ ಎಂದುಕೊಂಡೆ.

ಮೂರು ರೊಟ್ಟಿ. ಕೈ ನಿಂತಿತು. ಈ ಸಲ ಮಗಳ ಹಣೆಯಲ್ಲಿ ಬೆವರು. ಮತ್ತೆ ಕೈ ಎತ್ತಿದಳು. ಎರಡನೇ ಏಟಿಗೇ ಕೈ ನಿಂತಿತು. ಹಾಗೇ ನನ್ನ ಭುಜ ಹಿಡಿದು ಏಳಲು ಹೋದಳು. ಅವಳ ಸೀರೆಯ ಕೆಳಗಿನಿಂದ ನೀರು ಹರಿದು ಹಿಟ್ಟು ನಾದುವ ಪರಾತದವರೆಗೆ ಬಂತು.

"ಯವ್ವಾ," ಅಂದಳು, "ಬೆಳಿಗ್ಗಿಂದನೂ ಬರಾಕತ್ತಾವ. ಹೇಳಿದ್ರ ಅತ್ತಿ ಊರಿಗಿ ಕರಕೊಂಡು ಹೊಕ್ಕಾರಂತ ಹೇಳಲಿಲ್ಲ."

ಅತ್ತೆಯ ಎದುರಿಗೇ ಹೇಳಿಬಿಟ್ಟಳು. ಬೀಗತಿ ಆಗಲೇ ಎದ್ದಿದ್ದರು. ಹಂಚಿನ ಮೇಲೆ ರೊಟ್ಟಿ ಇದ್ದ ಹಾಗೇ ಕಟ್ಟಿಗೆಯನ್ನು ಒಲೆಯಿಂದ ಹೊರಗೆಳೆದು, ಬಾಗಿಲಿಗೆ ಓಡಿ, "ಸಾಬ್ರ, ಚಾಲೂ ಮಾಡ್ರಿ! ಸಿಂದಗಿ! ಸಿಂದಗಿ!" ಎಂದು ಕೂಗಿದರು.

ನಾನು ನಿಂತಲ್ಲೇ ನಿಂತೆ. ಬಾಗೇವಾಡಿ ಅಲ್ಲವೇ?

"ಏನ್ ನೋಡ್ತೀರಿ? ಆ ಕಡಿ ರಟ್ಟಿ ಹಿಡೀರಿ. ನಾಲ್ಕು ಹಡದೇನಿ ನಾನು. ಎರಡನೇದು ಯಾರ್‍ನೂ ಕೇಳೂದಿಲ್ಲ, ಬಂದ ಬಿಡತೈತಿ."

"ಗೊತ್ತಿದ್ದೂ ಯಾಕ ಸುಮ್ಮ ಕುಂತ್ರಿ?"

"ಜೀಪ ಐತಿ, ಜೀಪ ಐತಿ ಅಂತ ಎಷ್ಟ ಸಲ ಹೇಳ್ಲಿರಿ? ಬಿಡಿಸಿ ಹೇಳಿದ್ರ ನೀವು ನಂಬತಿದ್ರೇನು? ಮಗಳನ್ನ ಎಳಕೊಂಡು ಹೋಗಾಕ ಬಂದಾಳ ಅಂತ ನಾ ಇಳದಾಗಿಂದ ನಿಮ್ಮ ಮಾರಿನ ಹೇಳಾಕತ್ತಿತ್ತು. ಹಬ್ಬದಾಗ ಈ ಹಳ್ಳ್ಯಾಗ ಒಂದು ಗಾಡಿ ಸಿಗತೈತೇನು? ದಿನಾ ತುಂಬೂದ್ರೊಳಗ ಬ್ಯಾನಿ ಬಂದ್ರ ಅಂತ ಅಂಜಿ ತಂದು ನಿಲ್ಲಿಸೀನಿ."

ನಾನು ಮಗಳ ಇನ್ನೊಂದು ರಟ್ಟೆ ಹಿಡಿದೆ.

ಜೀಪಿನ ಹಿಂದಿನ ಸೀಟಿನಲ್ಲಿ ಮಗಳನ್ನು ನಡುವೆ ಒರಗಿಸಿಕೊಂಡು ಕೂತೆವು. ಬೀಗತಿ ತಮ್ಮ ಚೀಲವನ್ನೂ ಎಳೆದು ತಂದು ಕಾಲ ಬಳಿ ಇಟ್ಟುಕೊಂಡಿದ್ದರು. ದಾರಿ ಎಂದರೆ ದಾರಿಯಲ್ಲ, ಬರೀ ತಗ್ಗು. ಸಾಬರು ತಗ್ಗು ತಪ್ಪಿಸಿದರೆ ಹೊತ್ತಾಗುತ್ತದೆ, ತಪ್ಪಿಸದಿದ್ದರೆ ಮಗಳು ಚೀರುತ್ತಾಳೆ. ಕನ್ನೊಳ್ಳಿ ದಾಟಿದ ಮೇಲೆ ತೊಗರಿ ಕಟ್ಟಿಗೆ ಹೇರಿದ ಬಂಡಿಯೊಂದು ರಸ್ತೆ ತುಂಬ ಹೊರಟಿತ್ತು. ಹಾರ್ನು ಹೊಡೆದರೂ ಬಂಡಿಯವನು ತಿರುಗಿ ನೋಡಲೊಲ್ಲ. ಬೀಗತಿ ತಲೆ ಹೊರಗೆ ಹಾಕಿ, "ಏ ಅಪ್ಪಾ, ಬಸುರಿ ಹೆಂಗಸ ಅದಾಳೋ, ಎತ್ತ ಕೆಳಗ ಇಳಸೋ!" ಎಂದು ಒದರಿದರು. ಅವನು ಎತ್ತುಗಳನ್ನು ಹೊಲಕ್ಕೇ ಇಳಿಸಿದ.

"ಯವ್ವಾ, ಕೂಸಿನ ತಲಿ ಬರಾಕತ್ತೈತಿ," ಅಂದಳು ಮಗಳು.

"ತಿಣುಕಬ್ಯಾಡ ನನ್ನವ್ವ. ಬಾಯಿಲೆ ಉಸುರ ಬಿಡು, ಬಿಸಿ ಚಾ ಆರಿಸಿದಂಗ ಊದು, ಊದು," ಎಂದು ಬೀಗತಿ ಅವಳ ಜೊತೆ ತಾವೂ ಊದತೊಡಗಿದರು. ನಾನೂ ಊದಿದೆ. ದಾರ್‍ಯಾಗೂ ಆಗಬಾರದು ಎಂದ ಡಾಕ್ಟರಬಾಯಿಯ ಮಾತು ಒಂದೇ ಸಮನೆ ಕಿವಿಯಲ್ಲಿ. ಅನುಮಾನ ಬಂದ ಮೇಲೂ ನಾನು ಬಾಯಿ ಮುಚ್ಚಿಕೊಂಡಿದ್ದಾಗ ಆದ ರೊಟ್ಟಿಗಳನ್ನು ಲೆಕ್ಕ ಹಾಕಿದೆ. ಏಳು, ಐದು, ಮೂರು. ಅಷ್ಟು ಹೊತ್ತಿನಲ್ಲಿ ನಾವು ಸಿಂದಗಿಯಲ್ಲಿ ಇರುತ್ತಿದ್ದೆವು. ಇವಳಿಗೇನಾದರೂ ಆದರೆ ಅದು ನನ್ನ ಬಾಯಿಯಿಂದಲ್ಲ, ಬಾಯಿ ಮುಚ್ಚಿದ್ದರಿಂದ.

ದವಾಖಾನೆಯ ಗೇಟು ಕಂಡಿತು. ಜೀಪು ಒಳಗೆ ಹೋಗಿ ನಿಂತಿತು. ಸಾಬರು ಇಳಿದು ಒಳಗೆ ಓಡಿದರು. ನರ್ಸಬಾಯಿ ಬಂದು ಜೀಪಿನೊಳಗೆ ಕಣ್ಣು ಹಾಕಿ, "ಇಳಸಬ್ಯಾಡ್ರಿ" ಎಂದಷ್ಟೇ ಹೇಳಿ ತಾನೇ ಹತ್ತಿದಳು. ಸಾಬರು ತಮ್ಮ ಹೆಗಲ ಮೇಲಿನ ಅರಿವೆಯನ್ನು ಜೀಪಿನ ಹಿಂಬದಿಗೆ ಅಡ್ಡ ಹಿಡಿದು, ಗೋಡೆ ಕಡೆ ಮುಖ ಮಾಡಿ ನಿಂತರು. ಎರಡೇ ಎರಡು ಸಲ ತಿಣುಕಿದಳು ನನ್ನ ಮಗಳು. ಕೂಸು ಬೀಗತಿಯ ಮಡಿಲ ಹತ್ತಿರ ಜಾರಿ ಬಂದು, ನರ್ಸಬಾಯಿ ಹಿಡಿಯುವುದರೊಳಗೇ ಅಳತೊಡಗಿತು. ಆ ದೊಡ್ಡ ಚೀಲದಿಂದ ಬೀಗತಿ ಒಗೆದು ಮಡಚಿಟ್ಟ ಹಳೆಯ ಮೆತ್ತನೆ ಸೀರೆಗಳನ್ನು ತೆಗೆದು ಕೊಟ್ಟರು. ಚೀಲದ ತುಂಬ ಅವೇ ಇದ್ದವು.

ಹೆಣ್ಣು ಕೂಸು. ಆದರೆ ನನಗೆ ಸಂತೋಷಪಡಲು ಆಗಲಿಲ್ಲ. ಹೋದ ಸಲ ಕೂಸು ಬಂದ ಮೇಲೆಯೇ ಎಲ್ಲ ಆಗಿದ್ದು. ಮಗಳನ್ನು ಒಳಗೆ ಒಯ್ದು ಬಾಗಿಲು ಹಾಕಿದರು. ನಾವಿಬ್ಬರು ಹೊರಗೆ ಕಟ್ಟೆಯ ಮೇಲೆ ಕೂತೆವು. ಇಬ್ಬರ ಕೈಗೂ ಇನ್ನೂ ಸಜ್ಜೆ ಹಿಟ್ಟು ಅಂಟಿತ್ತು. ಎಷ್ಟೋ ಹೊತ್ತಿನ ಮೇಲೆ ಡಾಕ್ಟರಬಾಯಿ ಬಂದರು. "ಸೂಜಿ ಮಾಡೀವಿ. ರಕ್ತ ನಿಂತೈತಿ. ಇನ್ನೊಂದಿಷ್ಟು ತಡಾ ಮಾಡಿದ್ರ ನಿಮ್ಮನ್ನ ಬೈತಿದ್ದೆ ನಾನು."

"ಖರೇನ ನಿಂತೈತೇನ್ರಿ?" ಎಂದೆ.

"ಖರೇನ ನಿಂತೈತ್ರಿ, ಅಮ್ಮಾ."

ನಂಬಬೇಕಲ್ಲ ನಾನು? ಮಗಳನ್ನು ಮಂಚಕ್ಕೆ ತಂದ ಮೇಲೆ ಪಕ್ಕದಲ್ಲೇ ಕೂತೆ. ಅವಳು ಕಣ್ಣು ಮುಚ್ಚಿದ ಕೂಡಲೇ ಹೊದಿಕೆ ಎತ್ತಿ ನೋಡಿದೆ. ರಕ್ತ ಸ್ವಲ್ಪವೇ ಇತ್ತು, ಇರಬೇಕಾದಷ್ಟೇ. ಹೊದಿಸಿದೆ. ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಬೀಗತಿ ಹೊದಿಕೆ ಎತ್ತಿ ಬಗ್ಗಿ ನೋಡುತ್ತಿದ್ದರು. ನನ್ನನ್ನು ಕಂಡು ಸರಕ್ಕನೆ ಬಿಟ್ಟರು.

"ಹೆಂಗೈತಿ?" ಎಂದು ಮೆಲ್ಲಗೆ ಕೇಳಿದೆ.

"ಛಲೋ ಐತಿ. ನೀವು ನೋಡಿದಾಗ?"

"ನಾ ಎಲ್ಲಿ ನೋಡೇನ್ರಿ?"

"ಅಯ್ಯ, ಬಿಡ್ರಿ."

ಹೀಗೆ ಸಂಜೆಯತನಕ ಒಬ್ಬರ ಹಿಂದೆ ಒಬ್ಬರು. ನಾನು ನೋಡಿದ್ದನ್ನು ಅವರು ನಂಬಲೊಲ್ಲರು, ಅವರು ನೋಡಿದ್ದನ್ನು ನಾನು. ಕೊನೆಗೆ ಇಬ್ಬರೂ ಒಂದೇ ಸಲ ಆಚೆ ಈಚೆಯಿಂದ ಹೊದಿಕೆಗೆ ಕೈ ಹಾಕಿದಾಗ ಮಗಳು ಕಣ್ಣು ಬಿಟ್ಟಳು.

"ಯವ್ವಾ, ಅತ್ತೀ, ಇಬ್ಬರೂ ಹೊರಗ ನಡೀರಿ! ಹಡದಾಕಿ ನಾನು, ನನಗ ಚಿಂತಿ ಇಲ್ಲ. ನನಗ ಹಸಿವ್ಯಾಗೈತಿ. ಏನರೆ ತಿನ್ನಾಕ ತರ್ರಿ, ಇಲ್ಲಂದ್ರ ಮಲಗಾಕ ಬಿಡ್ರಿ."

ಹಸಿವು ಎಂದಳು! ಬೆಳಗಿನಿಂದ ಏನೂ ಮುಟ್ಟದವಳು. ಡಾಕ್ಟರಬಾಯಿ ಹೇಳಿದಾಗ ಬಾರದ ನಂಬಿಕೆ ಆ ಒಂದು ಮಾತಿಗೆ ಬಂತು. ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಹೊರಗೆ ಓಡಿದೆ. ಗೇಟಿನಲ್ಲಿ ಸಾಬರು ಬೀಡಿ ಸೇದುತ್ತ ನಿಂತಿದ್ದರು. "ಅಣ್ಣಾರ, ನನ್ನ ಮಗಳು ಹಸಿವು ಅಂದ್ಲ್ರೀ! ಹೆಣ್ಣ ಕೂಸ್ರೀ!" ಎಂದು ಕೂಗಿದೆ. ಅವರಿಗೆ ಕೂಸಿನ ಸುದ್ದಿ ಮಧ್ಯಾಹ್ನವೇ ಗೊತ್ತು. ಆದರೂ ಈಗಷ್ಟೇ ಕೇಳಿದವರ ಹಾಗೆ ಹುಬ್ಬೇರಿಸಿ, "ಭಾಳ ಛಲೋ ಆತು ಬಿಡ್ರಿ, ತಂಗಿ" ಅಂದರು. ರಸ್ತೆಯಲ್ಲಿ ಹೋಗುತ್ತಿದ್ದ ಗುರುತಿಲ್ಲದ ಹೆಂಗಸೊಬ್ಬಳನ್ನೂ ನಿಲ್ಲಿಸಿ ಹೇಳಿದೆ. ಹಿಂದಿನಿಂದ ಬೀಗತಿ ಏದುಸಿರು ಬಿಡುತ್ತ ಬಂದು ನನ್ನ ಕೈ ಹಿಡಿದುಕೊಂಡರು. "ನಿಲ್ಲರಿ ಅಕ್ಕಾರ, ನಾನೂ ಬರ್ತೇನಿ. ನೀವೊಬ್ಬರ ಹೋದ್ರ ಇಡ್ಲಿ ತರೂದ ಬಿಟ್ಟು ಊರಿಗೆಲ್ಲ ಸುದ್ದಿ ಹೇಳಕೊಂತ ಹೊಕ್ಕೀರಿ."

ಇಬ್ಬರೂ ಕೈ ಹಿಡಿದುಕೊಂಡೇ ಹೋಟೆಲಿಗೆ ಹೋದೆವು. ದಾರಿಯುದ್ದಕ್ಕೂ ನನಗಿಂತ ಜಾಸ್ತಿ ಜನರಿಗೆ ಹೇಳಿದವರು ಅವರೇ.