ಅಕ್ಕ ಬೇಡ ಅಂದ ಭಾನುವಾರ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ರಬ್ಬರ್ ಬಳೆಗೆ ರಾಜಮರ್ಯಾದೆ ನಡೆಯುತ್ತಿತ್ತು. ಅದು ಅಮ್ಮನ ಪ್ರೆಷರ್ ಕುಕ್ಕರಿನ ಮುಚ್ಚಳದೊಳಗೆ ಕೂರುವ ಗ್ಯಾಸ್ಕೆಟ್. ಕುಕ್ಕರ್ ಮೈಸೂರಿನಿಂದ ಅಮ್ಮನ ಸೀರೆಗಳ ನಡುವೆ ಮಲಗಿಕೊಂಡು ವಿಮಾನದಲ್ಲಿ ಮೆಲ್ಬರ್ನಿಗೆ ಬಂದಿತ್ತು. ಅದಕ್ಕೆ ಹೊಂದುವ ಗ್ಯಾಸ್ಕೆಟ್ ಮಾತ್ರ ನಮಗೆ ತಿಳಿದ ಮಟ್ಟಿಗೆ ಈ ಇಡೀ ಖಂಡದಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ಹಳೆಯದು ಸಡಿಲವಾದರೆ ಯಾರಾದರೂ ಇಂಡಿಯಾಕ್ಕೆ ಹೋಗಿ ಬರುವವರೆಗೆ ಕಾಯಬೇಕು. ಹಾಗಾಗಿ ಅದನ್ನು ತೊಳೆದು ಒರೆಸಿ ಕಾಪಾಡುವುದಕ್ಕೆಂದೇ ಒಬ್ಬನನ್ನು ನೇಮಿಸಲಾಗಿತ್ತು. ಆ ಹುದ್ದೆಯಲ್ಲಿದ್ದವನು ನಾನು.

ಮುಂದೆ ಹೋಗುವ ಮೊದಲು ಒಂದು ಸ್ಪಷ್ಟೀಕರಣ. ನೀವು ನನ್ನನ್ನು ತಾತ ಅನ್ನುತ್ತೀರಿ. ನಿಜಕ್ಕೂ ನಾನು ನಿಮ್ಮ ಅಜ್ಜಿಯ ತಮ್ಮ. ಐವತ್ತಾಗುವ ಮೊದಲೇ, ಅರ್ಜಿ ಹಾಕದೆಯೇ, ನನಗೆ ಈ ಪದವಿ ಸಿಕ್ಕಿತು. ನಾನು ಇಲ್ಲಿ ಅಕ್ಕ ಅಂದಾಗಲೆಲ್ಲ ಅದು ನಿಮ್ಮ ಅಜ್ಜಿ ಎಂದು ತಿಳಿಯತಕ್ಕದ್ದು. ಆಗ ಅವಳಿಗೆ ಹದಿನಾಲ್ಕು, ನನಗೆ ಹತ್ತು.

ನಾವಿದ್ದದ್ದು ಮೆಲ್ಬರ್ನಿನ ಪಶ್ಚಿಮ ದಿಕ್ಕಿನಲ್ಲಿ, ಮರದ ಹಲಗೆ ಗೋಡೆಯ ಒಂದು ಬಾಡಿಗೆ ಮನೆಯಲ್ಲಿ. ಅಲ್ಲಿಂದಾಚೆಗಿನ, ಈಗ ನಿಮ್ಮಲ್ಲಿ ಅರ್ಧ ಜನ ಇರುವ ಟ್ರುಗನಿನಾ ಆಗ ಬರೀ ಹುಲ್ಲು, ಕಲ್ಲು, ಗಾಳಿ. ಅಪ್ಪ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಪೈಪು ಎಲ್ಲಿ ಸೋರುತ್ತದೆ, ಯಾಕೆ ಸೋರುತ್ತದೆ, ಯಾವ ವಾಷರ್ ಎಷ್ಟು ದಿನ ಬಾಳುತ್ತದೆ ಎಂದು ಹೇಳುವುದೇ ಅವರ ಕಸುಬು. ಭೂಮಿಯ ಮೇಲಿನ ಎಲ್ಲ ವಾಷರ್‌ಗಳ ವಿಷಯವೂ ಅವರಿಗೆ ಗೊತ್ತಿತ್ತು, ನಮ್ಮ ಅಡುಗೆಮನೆಯದೊಂದನ್ನು ಬಿಟ್ಟು.

ಆ ಗ್ಯಾಸ್ಕೆಟ್ ಹಳತಾಗಿ ಜೋಲು ಬಿದ್ದಿತ್ತು. ಅಮ್ಮನಿಗೆ ಯಾರೋ ಆಂಟಿ ಒಂದು ಉಪಾಯ ಹೇಳಿಕೊಟ್ಟಿದ್ದರು: ರಾತ್ರಿ ಅದನ್ನು ಫ್ರೀಜರ್‌ನಲ್ಲಿಡು, ಚಳಿಗೆ ಮೈ ಮುದುಡಿಕೊಂಡು ಬಿಗಿಯಾಗುತ್ತದೆ. ನಿಮಗೆ ನಗು ಬರಬಹುದು. ನಮಗೆ ಗೊತ್ತಿದ್ದ ಮನೆಗಳಲ್ಲೆಲ್ಲ ಹೀಗೇ ಮಾಡುತ್ತಿದ್ದರು. ಪ್ರತಿ ಶನಿವಾರ ಸಂಜೆ ಬಟಾಣಿ ಪ್ಯಾಕೆಟ್ಟಿನ ಮೇಲೆ, ಐಸ್‌ಕ್ರೀಮ್ ಡಬ್ಬದ ಪಕ್ಕ, ನಾನು ಅದನ್ನು ಮಲಗಿಸುತ್ತಿದ್ದೆ.

ಅದು ಆಕಾಶದಲ್ಲಿ ಅಮೆರಿಕದ ಸ್ಪೇಸ್ ಷಟಲ್ ಒಡೆದುಹೋದ ವರ್ಷ. ಜನವರಿ, ನಮಗೆ ಬೇಸಿಗೆ ರಜೆಯ ಕೊನೆಯ ದಿನಗಳು. ಬೆಳಿಗ್ಗೆ ಎದ್ದು ಟೀವಿ ಹಾಕಿದರೆ, ನೀಲಿ ಆಕಾಶದಲ್ಲಿ ಬಿಳಿ ಹೊಗೆ ನೆಟ್ಟಗೆ ಏರಿ ಇದ್ದಕ್ಕಿದ್ದಂತೆ ಎರಡು ಕವಲಾಗುತ್ತಿತ್ತು. ಮತ್ತೆ ಮೊದಲಿನಿಂದ ತೋರಿಸುತ್ತಿದ್ದರು. ಈ ಸಲವಾದರೂ ಕವಲೊಡೆಯದೆ ಹೋದೀತೇನೋ ಎಂದು ನಾನು ಪ್ರತಿ ಸಲವೂ ಕಾದೆ. ಒಳಗೆ ಏಳು ಜನ ಇದ್ದರು. ಅವರಲ್ಲಿ ಒಬ್ಬರು ಸ್ಕೂಲ್ ಟೀಚರ್. ಅವರ ಸ್ಕೂಲಿನ ಮಕ್ಕಳು ಅದನ್ನು ಟೀವಿಯಲ್ಲಿ ನೋಡುತ್ತಿದ್ದರಂತೆ. ಅಮ್ಮ ಟೀವಿ ಆರಿಸಿ, "ಹೋಗಿ ಹಾಲು ಕುಡೀರಿ," ಅಂದಳು. ಯಾರೂ ಕುಡಿಯಲಿಲ್ಲ.

ಹೇಗಾಯಿತು ಎಂಬ ತನಿಖೆ ಮುಗಿದು ವರದಿ ಬರುವ ಹೊತ್ತಿಗೆ ನಮಗೆ ಚಳಿಗಾಲ. ಆ ಭಾನುವಾರ ಅಂಗಳದ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಅಡುಗೆಮನೆಯ ನೆಲ ಕಾಲುಚೀಲದೊಳಗೂ ಕೊರೆಯುತ್ತಿತ್ತು. ಅಮ್ಮ ಧನಿಯಾ, ಚಕ್ಕೆ, ಕೊಬ್ಬರಿ ಹುರಿಯುತ್ತಿದ್ದಳು. ಅಪ್ಪ ಪೇಪರ್ ಹರಡಿಕೊಂಡು, ನ್ಯಾಯಾಧೀಶರ ಧ್ವನಿಯಲ್ಲಿ ನಮಗೆಲ್ಲ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದರು.

ಷಟಲನ್ನು ಎತ್ತುವ ರಾಕೆಟ್ಟಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದ ಜಾಗದಲ್ಲಿ ರಬ್ಬರಿನ ಬಳೆಗಳಿದ್ದವಂತೆ, ಒಳಗಿನ ಬೆಂಕಿ ಹೊರಗೆ ಬಾರದಿರಲಿ ಎಂದು. ಹೊರಟ ದಿನ ಅಲ್ಲಿ ವಿಪರೀತ ಚಳಿ. ಚಳಿಗೆ ರಬ್ಬರ್ ಗಟ್ಟಿಯಾಗಿ, ಸಂದು ಮುಚ್ಚುವ ಕೆಲಸ ಮರೆತುಬಿಟ್ಟಿತು. ಇದೇನು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಹಿಂದಿನ ಹಾರಾಟಗಳಲ್ಲೂ ಆ ಬಳೆಗಳು ಸುಟ್ಟುಕೊಂಡು ಬಂದಿದ್ದವು. ಹಿಂದಿನ ರಾತ್ರಿ ಇಂಜಿನಿಯರ್‌ಗಳು ಫೋನಿನಲ್ಲಿ, ಈ ಚಳಿಯಲ್ಲಿ ಬೇಡ ಎಂದು ಹೇಳಿದ್ದರು. ಮೇಲಿನವರು ಕೇಳಲಿಲ್ಲ. ಆಗಲೇ ಹಲವು ಸಲ ಮುಂದಕ್ಕೆ ಹಾಕಿ ತಡವಾಗಿತ್ತು.

"ಗೊತ್ತಿದ್ದವರು ಬೇಡ ಅಂದಮೇಲೆ ನಿಲ್ಲಿಸಬೇಕು ತಾನೇ? ಇಷ್ಟು ಸರಳ," ಎಂದು ಅಪ್ಪ ಪೇಪರ್ ಮಡಚಿದರು. ಮೇಲಿನವರು ಎದುರಿಗಿದ್ದಿದ್ದರೆ ಅವರ ಗತಿ ಏನಾಗುತ್ತಿತ್ತೋ.

ಅಷ್ಟರಲ್ಲಿ ಫೋನ್ ಬಂತು. ಸಿಡ್ನಿಯ ಅಂಕಲ್. ನಾವು ಈ ದೇಶಕ್ಕೆ ಬಂದಿಳಿದಾಗ ಅಂಕಲ್, ಆಂಟಿ ನಮ್ಮನ್ನು ಮೂರು ತಿಂಗಳು ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದರು. ಈಗ ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಹೊರಟದ್ದು ನಿನ್ನೆ, ರಾತ್ರಿ ದಾರಿಯಲ್ಲಿ ಉಳಿದು, ಈಗ ಪೆಟ್ರೋಲ್ ಬಂಕಿನಿಂದ ಮಾತಾಡುತ್ತಿದ್ದರು. "ಹನ್ನೆರಡೂವರೆಗೆ ಅಲ್ಲಿರ್ತೀವಿ. ಬೆಳಿಗ್ಗೆಯಿಂದ ಬಿಸಿಬೇಳೆಭಾತ್ ಜಪ ಮಾಡ್ಕೊಂಡು ಬರ್ತಿದ್ದೀನಿ. ಮೈಸೂರಿಂದ ನಿಮ್ಮ ಗ್ಯಾಸ್ಕೆಟ್ಟೂ ತಂದಿದ್ದೀನಿ, ಎರಡು."

ಗಂಟೆ ಆಗಲೇ ಹನ್ನೊಂದೂವರೆ. ಅಮ್ಮ ತೊಗರಿಬೇಳೆ ತೊಳೆದು ಕುಕ್ಕರಿಗೆ ಹಾಕಿದಳು. ನಾನು ಫ್ರೀಜರ್‌ನಿಂದ ಗ್ಯಾಸ್ಕೆಟ್ ತೆಗೆದೆ. ಕೊಡುವ ಮುಂಚೆ, ಅಭ್ಯಾಸಬಲದಿಂದ, ಸ್ವಲ್ಪ ಎಳೆದು ನೋಡಿದೆ. ಒಂದು ಕಡೆ ಕೂದಲೆಳೆಯಷ್ಟು ಬಿರುಕಿತ್ತು. ಮೂರು ವಾರದಿಂದ ಇತ್ತು. ಇವತ್ತು ಎಳೆದರೆ ಬಾಯಿ ಬಿಡುತ್ತಿತ್ತು. ನನ್ನನ್ನು ಬಿಟ್ಟು ಇನ್ಯಾರಿಗೂ ಅದು ಗೊತ್ತಿರಲಿಲ್ಲ.

"ಅಪ್ಪ, ಇವತ್ತು ಕುಕ್ಕರ್ ಬೇಡ," ಅಂದಳು ಅಕ್ಕ. "ಹೋದ ವಾರ ಪಕ್ಕದಿಂದ ಬುಸ್ಸಂತ ಆವಿ ಬಂತು. ಪಾತ್ರೆಯಲ್ಲೇ ಬೇಯಿಸೋಣ."

"ಪಾತ್ರೆಯಲ್ಲಿ ಬೇಳೆ ಬೇಯೋ ಹೊತ್ತಿಗೆ ಅವರು ವಾಪಸ್ ಸಿಡ್ನಿ ಮುಟ್ಟಿರ್ತಾರೆ."

"ಹಾಗಿದ್ರೆ ಬರೋವರೆಗೆ ಕಾಯೋಣ. ಹೊಸ ರಬ್ಬರ್ ಅವರ ಹತ್ರಾನೇ ಇದೆಯಲ್ಲ."

"ಬಾಗಿಲಲ್ಲೇ ಅವರ ಕೈಯಿಂದ ರಬ್ಬರ್ ಇಸ್ಕೊಂಡು, ಕೂತಿರಿ, ಈಗ ಒಲೆ ಹಚ್ತೀವಿ ಅನ್ನೋದಾ? ಮೂರು ತಿಂಗಳು ಅನ್ನ ಹಾಕಿದವರಿಗೆ?"

ಅಕ್ಕ ಪೇಪರ್ ಎತ್ತಿ ತೋರಿಸಿದಳು. "ನೀವೇ ಈಗ ತಾನೇ ಓದಿದ್ರಿ. ಚಳಿಗೆ ಗಟ್ಟಿಯಾಗುತ್ತೆ ಅಂತ. ನಮ್ಮದು ರಾತ್ರಿಯೆಲ್ಲ ಫ್ರೀಜರ್‌ನಲ್ಲಿತ್ತು."

"ಅದು ರಾಕೆಟ್ ಕಣಮ್ಮ. ಇದು ತೊಗರಿಬೇಳೆ. ಎಷ್ಟೋ ಸಲ ಸೋರಿದೆ. ಒಂದು ಸಲವಾದರೂ ಬೇಳೆ ಬೇಯದೆ ಉಳಿದಿದೆಯಾ?"

ಅಮ್ಮ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಗಡಿಯಾರ ನೋಡಿದಳು. ಆಗ ಅಪ್ಪ ನನ್ನ ಕಡೆ ತಿರುಗಿದರು. "ರಬ್ಬರ್ ತೊಳೆಯೋನು ನೀನು. ನೀನೇ ಹೇಳಪ್ಪ. ಸರಿಯಾಗೇ ಇದೆ ತಾನೇ?"

ನನ್ನ ಹತ್ತು ವರ್ಷದ ಜೀವನದಲ್ಲಿ ಅಪ್ಪ ಒಂದು ಗಂಭೀರ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ನಾನು ಎದೆ ಉಬ್ಬಿಸಿ, "ಸರಿಯಿದೆ ಅಪ್ಪ," ಅಂದೆ.

ಅಕ್ಕ ನನ್ನನ್ನೇ ನೋಡಿದಳು. ಕುಕ್ಕರ್ ಒಲೆಯ ಮೇಲೆ ಕೂತಿತು. ಕೂಗು ಎಣಿಸುವುದೂ ನನ್ನದೇ ಖಾತೆ. ಒಲೆಯ ಪಕ್ಕದ ಸ್ಟೂಲು ಇಡೀ ಮನೆಯಲ್ಲಿ ಬೆಚ್ಚಗಿನ ಜಾಗ, ಚಳಿಗಾಲದಲ್ಲಿ ಅದನ್ನು ನಾನು ಬಿಟ್ಟುಕೊಡುತ್ತಿರಲಿಲ್ಲ. ಅಕ್ಕ ನನ್ನ ಸ್ವೆಟರ್ ಹಿಡಿದು ಎಬ್ಬಿಸಿದಳು. "ಲೋ, ನೀನು ಆಚೆ ಹೋಗು. ನಾನು ಎಣಿಸ್ತೀನಿ."

"ನನ್ನ ಜಾಗ ಅದು."

"ಬಾಗಿಲ ಹತ್ರ ನಿಂತ್ಕೋ ಅಂದೆ."

ನಾನು ಮುಖ ಊದಿಸಿಕೊಂಡು ಬಾಗಿಲಿಗೆ ಹೋದೆ. ಅಕ್ಕ ಸ್ಟೂಲಿನ ಮೇಲೆ ಕೂತಳು. ಒಂದು ಕೂಗು ಆಯಿತು. ಎರಡಾಯಿತು. ಆಮೇಲೆ ಬಿಸಿ ರಬ್ಬರಿನ ವಾಸನೆ ಬಂತು. ಬುಸ್ಸೆಂದು ಸಣ್ಣಗೆ ಶುರುವಾದದ್ದು ಕ್ಷಣದಲ್ಲಿ ಕಿವಿ ಮುಚ್ಚುವಷ್ಟು ದೊಡ್ಡದಾಯಿತು. ಬಿರುಕು ಬಿಟ್ಟ ಕಡೆ ಗ್ಯಾಸ್ಕೆಟ್ ಹರಿದು ನಾಲಿಗೆಯ ಹಾಗೆ ಹೊರಗೆ ಬಂದಿತ್ತು. ಅಲ್ಲಿಂದ ಆವಿಯೂ ಬೇಳೆಯ ನೀರೂ ಸ್ಟೂಲಿನ ದಿಕ್ಕಿಗೇ ಚಿಮ್ಮಿದವು. ಅಕ್ಕ ಮುಖಕ್ಕೆ ಕೈ ಅಡ್ಡ ಹಿಡಿದು ಹಾರಿದಳು. ಸ್ಟೂಲು ಮಗುಚಿತು. ಅಪ್ಪ ಎಲ್ಲಿದ್ದರೋ, ಓಡಿಬಂದು ಗ್ಯಾಸ್ ಆರಿಸಿದರು.

ಹಳದಿ ಬೇಳೆ ಗೋಡೆಯ ಮೇಲಿತ್ತು, ಕಿಟಕಿಯ ಗಾಜಿನ ಮೇಲಿತ್ತು, ಚಾವಣಿಯ ಮೇಲೂ ಇತ್ತು. ಅಕ್ಕನ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪಗಾಗಿತ್ತು. ಅವಳಿಗಿಂತ ನಾನು ಒಂದು ತಲೆ ಗಿಡ್ಡ. ಆ ಸ್ಟೂಲಿನ ಮೇಲೆ ಕೂತಿದ್ದರೆ ಅವಳ ಕೈ ಇದ್ದ ಎತ್ತರಕ್ಕೆ ನನ್ನ ಕಣ್ಣುಗಳಿರುತ್ತಿದ್ದವು. ಇದು ಎಲ್ಲರಿಗೂ ಗೊತ್ತಾಯಿತು.

ಅಮ್ಮ ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಮೆಲ್ಬರ್ನಿನ ಚಳಿಗಾಲದ ನಲ್ಲಿ ನೀರು ಮಂಜುಗಡ್ಡೆಗೆ ಸಮ. ಇಪ್ಪತ್ತು ನಿಮಿಷ ಅಕ್ಕ ಹಲ್ಲು ಕಚ್ಚಿಕೊಂಡು ನಿಂತಳು. ಅಪ್ಪ ಅವಳ ಪಕ್ಕ ನಿಂತು ಆ ನೀರನ್ನೇ ನೋಡುತ್ತಿದ್ದರು. "ನೀನು ಹೇಳಿದ್ದೆ," ಅಂದರು. ಅಷ್ಟೇ.

ಅಂಕಲ್, ಆಂಟಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅಂಕಲ್ ಎರಡೂ ಗ್ಯಾಸ್ಕೆಟ್ಟನ್ನು ಬಳೆಯ ಹಾಗೆ ಕೈಗೆ ಹಾಕಿಕೊಂಡು ಒಳಗೆ ಬಂದು, ಮೂಗರಳಿಸಿ, ಚಾವಣಿ ನೋಡಿದರು. "ಏನಯ್ಯಾ, ನಮಗೋಸ್ಕರ ಪೇಂಟ್ ಮಾಡಿಸಿದ್ಯಾ?"

ಅಪ್ಪ ನಗಲಿಲ್ಲ. "ಇವಳು ಬೇಡ ಅಂದಳು. ನಾನು ಕೇಳಲಿಲ್ಲ," ಅಂದರು, ಎಲ್ಲರ ಎದುರಿಗೆ. ಆ ಕಾಲದ ಅಪ್ಪಂದಿರು ಅತಿಥಿಗಳ ಮುಂದೆ ಮಕ್ಕಳ ವಿಷಯದಲ್ಲಿ ಹೀಗೆ ಹೇಳುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೂ ಹೆಚ್ಚು ಕಂಡಿಲ್ಲ. ಅಕ್ಕ ಕೂಡ ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಕಾಲು ನೋಡಿಕೊಂಡಳು. ಊಟಕ್ಕೆ ಅನ್ನ, ಮೊಸರು, ಉಪ್ಪಿನಕಾಯಿ. ಬ್ರೆಡ್ಡಿಗೆ ತುಪ್ಪ, ಚಟ್ನಿಪುಡಿ. ಅಂಕಲ್ ಮೂರು ಸಲ ಹಾಕಿಸಿಕೊಂಡರು. ಯಾರ ಮರ್ಯಾದೆಯೂ ಹೋಗಲಿಲ್ಲ.

ಅತಿಥಿಗಳು ಮಧ್ಯಾಹ್ನ ಒರಗಿಕೊಂಡಾಗ ಅಪ್ಪ ಕುರ್ಚಿ ಹತ್ತಿ ಚಾವಣಿ ಕೆರೆಯುತ್ತಿದ್ದರು. ಕುರ್ಚಿ ಹಿಡಿದುಕೊಂಡಿದ್ದವನು ನಾನು. ಒಣಗಿದ ಬೇಳೆ ನನ್ನ ತಲೆಯ ಮೇಲೆ ಉದುರುತ್ತಿತ್ತು.

"ಅಪ್ಪ, ಅದರಲ್ಲಿ ಬಿರುಕಿತ್ತು. ನಾನು ನೋಡಿದ್ದೆ."

ಕೆರೆಯುವ ಸದ್ದು ನಿಂತಿತು. "ಮತ್ತೆ ಕೇಳಿದಾಗ ಸರಿಯಿದೆ ಅಂದೆಯಲ್ಲೋ."

"ನೀವು ಕೇಳಿದ ರೀತಿಗೆ, ಸರಿಯಿಲ್ಲ ಅನ್ನೋಕೆ ಆಗಲಿಲ್ಲ."

ಬೀಳಬಹುದಾಗಿದ್ದ ಏಟಿಗೆ ನಾನು ಕಣ್ಣು ಮುಚ್ಚಿಕೊಂಡೆ. ಅಪ್ಪ ಕೆಳಗಿಳಿದು ಅದೇ ಕುರ್ಚಿಯಲ್ಲಿ ಕೂತರು. ನನ್ನ ತಲೆಯಿಂದ ಬೇಳೆ ಒಂದೊಂದಾಗಿ ಆರಿಸಿ ತೆಗೆದರು. "ಆ ಇಂಜಿನಿಯರ್‌ಗಳನ್ನೂ ಹೀಗೇ ಕೇಳಿರಬೇಕು," ಅಂದರು, ನನಗಲ್ಲ, ಗೋಡೆಗೆ.

ಅವತ್ತು ಸಂಜೆಯೇ ಮನೆಗೆ ಹೊಸ ಕಾನೂನು ಬಂತು. ಯಾರೇ ಬೇಡ ಅಂದರೂ ಕೆಲಸ ನಿಲ್ಲತಕ್ಕದ್ದು. ಅಂದವರು ಎಷ್ಟು ಚಿಕ್ಕವರೆಂದು ನೋಡಕೂಡದು. ಅಕ್ಕನಿಗೂ ನಾನು ಬಿರುಕಿನ ವಿಷಯ ಒಪ್ಪಿಸಬೇಕಾಯಿತು. ಅವಳು, "ಮೂರು ವಾರದಿಂದ? ಕತ್ತೆ," ಅಂದಳು. ಕೈ ವಾಸಿಯಾಗುವವರೆಗೆ ಅವಳ ಪಾಲಿನ ಪಾತ್ರೆಗಳನ್ನೂ ನಾನೇ ತೊಳೆಯಬೇಕೆಂದು ತೀರ್ಪಾಯಿತು. ಮೂರನೆಯ ದಿನದಿಂದ ಅವಳೇ ಪಕ್ಕ ನಿಂತು, ಒಂದೇ ಕೈಯಲ್ಲಿ, ಒರೆಸಿಕೊಡುತ್ತಿದ್ದಳು.

ಈಗ ನಿಮ್ಮ ಟ್ರುಗನಿನಾದ ಮನೆಯಲ್ಲೂ ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ಮನೆಯಲ್ಲೂ ಕರೆಂಟಿನ ಕುಕ್ಕರ್ ಇದೆ. ಮುಚ್ಚಳ ಒಂದು ಕೂದಲಷ್ಟು ಓರೆಯಾದರೂ ಅದು ಕೆಲಸ ಶುರು ಮಾಡುವುದಿಲ್ಲ. ಫ್ರಿಡ್ಜ್ ಬಾಗಿಲು ತೆರೆದಿದ್ದರೆ ಫ್ರಿಡ್ಜ್ ದೂರು ಕೊಡುತ್ತದೆ, ಬೆಲ್ಟ್ ಹಾಕದಿದ್ದರೆ ಕಾರು ಹಠ ಮಾಡುತ್ತದೆ. ನಮ್ಮ ಕಾಲದಲ್ಲಿ ಬೀಪ್ ಅನ್ನುವ ಕೆಲಸವನ್ನು ಮನುಷ್ಯರೇ ಮಾಡಬೇಕಿತ್ತು, ಮಾಡಿ ಬೈಸಿಕೊಳ್ಳಬೇಕಿತ್ತು. ನಿಮ್ಮ ಪ್ರಪಂಚ ವಾಸಿ. ಆದರೆ ಬೀಪ್ ಬಾರದ ವಿಷಯಗಳೂ ಇನ್ನೂ ಕೆಲವಿವೆ.

ಹೋದ ತಿಂಗಳು ಎಲ್ಲರೂ ಮೆಲ್ಬರ್ನಿನ ಇನ್ನೊಂದು ತುದಿಯ ಕ್ಲೈಡ್ ನಾರ್ತ್‌ಗೆ ಒಂದು ನಾಮಕರಣಕ್ಕೆ ಹೊರಟಿದ್ದೆವು. ಮೊದಲೇ ತಡವಾಗಿತ್ತು. ಗೋದಾಮುಗಳ ಸಾಲು ದಾಟುವಾಗ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಹಿಂದಿನ ಸೀಟಿನಿಂದ, "ತಾತ, ಸ್ಟಾಪ್. ದೇರ್ ಈಸ್ ಎ ಫನಿ ನಾಯ್ಸ್," ಅಂದಳು. ನನಗೆ ಏನೂ ಕೇಳಿಸಲಿಲ್ಲ. ಕಾರಿನಲ್ಲಿ ಯಾವ ದೀಪವೂ ಹತ್ತಿರಲಿಲ್ಲ. ನಿಲ್ಲಿಸಿದೆ. ರೇಷ್ಮೆ ಪಂಚೆ ಎತ್ತಿ ಕಟ್ಟಿ, ನಾಲ್ಕು ಚಕ್ರ ಒದ್ದು ನೋಡಿ, ಬಾನೆಟ್ ಎತ್ತಿ, ಡಿಕ್ಕಿ ಪೂರ್ತಿ ಖಾಲಿ ಮಾಡಿ ತುಂಬಿದೆ. ಲಾರಿ ಡ್ರೈವರ್ ಒಬ್ಬ ಇಳಿದು ಬಂದು ಅವನೂ ನೋಡಿದ. ಏನೂ ಇರಲಿಲ್ಲ.

ನಾನು ಒಳಗೆ ಬಂದು ಕೂತಾಗ ಅವಳ ಕಣ್ಣಲ್ಲಿ ನೀರು. "ಸಾರಿ, ತಾತ."

"ಮುಂದಿನ ಸಲವೂ ಹೇಳು," ಅಂದೆ.

"ಈವನ್ ಇಫ್ ಇಟ್ಸ್ ನಥಿಂಗ್?"

"ಏನೂ ಇಲ್ಲದಿದ್ದರೂ."

ನಾವು ಹೋಗಿ ಮುಟ್ಟುವಷ್ಟರಲ್ಲಿ ಮಗುವಿಗೆ ಹೆಸರಿಟ್ಟು ಮುಗಿದಿತ್ತು. ಏನು ಹೆಸರೆಂದು ಊಟದ ಸಾಲಿನಲ್ಲಿ ಯಾರನ್ನೋ ಕೇಳಿ ತಿಳಿದುಕೊಂಡೆವು.